ಅವ್ವನ ಮುದ್ದೆಯ ಚಿತ್ರ ಬರೆದದ್ದು

ನಲವತ್ತು ದಾಟಿದ ಗಂಡಸು ಭಾನುವಾರ ಮಿಡಿಗೇಶಿಯಲ್ಲಿ ಬಸ್ಸು ಹತ್ತಿ ಮಧುಗಿರಿಗೆ ಚಿತ್ರ ಕಲಿಯಲು ಹೊರಟಾಗ ಊರಿನವರು ಏನೇನು ಅನ್ನಬೇಕೋ ಎಲ್ಲವನ್ನೂ ಅಂದರು. ಅನ್ನಲಿ ಬಿಡಿ. ವಾರವಿಡೀ ಪಂಪು ರಿಪೇರಿ ಮಾಡುವವನಿಗೆ ಒಂದು ದಿನವಾದರೂ ಗ್ರೀಸಿಲ್ಲದ ಕೈ ಬೇಡವೇ?

ನಮ್ಮ ಡ್ರಾಯಿಂಗ್ ಮೇಷ್ಟ್ರು ನಾನು ಬರೆದ ದಾಳಿಂಬೆಯನ್ನು ನೋಡಿ, "ಇದೇನ್ರೀ, ಮೇಲೆ ಲಾರಿ ಹರಿದಂಗದೆ?" ಎಂದರು. ದುಂಡನೆಯ ವಸ್ತುವಿನ ಮೈ ತೋರಿಸಲು ಚುಕ್ಕಿ ಹಾಕುವುದಕ್ಕೂ ಒಂದು ಕ್ರಮವುಂಟಂತೆ. ನಡುವೆ ದೊಡ್ಡದಾಗಿ, ಬಿಡಿಬಿಡಿಯಾಗಿ. ಅಂಚಿಗೆ ಬಂದಂತೆ ಸಣ್ಣಗೆ, ಒತ್ತೊತ್ತಾಗಿ. ನಾನೋ ರಾಗಿ ಎರಚಿದಂತೆ ಎಲ್ಲೆಡೆ ಒಂದೇ ಸಮ ಹಾಕಿದ್ದೆ. "ಮನೇಲಿ ದುಂಡಗಿರೋದು ಯಾವ್ದಾದ್ರೂ ಇಟ್ಕೊಂಡು, ಕಂಡಂಗೆ ಬರ್ಕೊಂಡು ಬನ್ನಿ," ಎಂದರು.

ನಮ್ಮ ಮನೆಯಲ್ಲಿ ದುಂಡಗಿರುವುದು ನಾನು ಮತ್ತು ಅವ್ವನ ರಾಗಿಮುದ್ದೆ. ನನ್ನನ್ನು ನಾನೇ ಎದುರಿಗಿಟ್ಟುಕೊಳ್ಳುವುದು ಕಷ್ಟ. ಇನ್ನು ಅವ್ವನ ಮುದ್ದೆ ಸುತ್ತಲ ಹಳ್ಳಿಗಳಿಗೆಲ್ಲ ಗೊತ್ತು. ಬೀಗರೂಟಕ್ಕೆ ಅವಳನ್ನೇ ಕರೆಸುತ್ತಿದ್ದರು. ಒಂದೂ ಗಂಟಿರುತ್ತಿರಲಿಲ್ಲ. ವಯಸ್ಸಾದ ಮೇಲೆ ಅವಳಿಗೆ ಉಳಿದಿದ್ದ ಜಂಬ ಅದೊಂದೇ. ಮುದ್ದೆ ತಿರುವುವ ಕೋಲನ್ನು ನನ್ನ ಹೆಂಡತಿಗೂ ಮುಟ್ಟಗೊಡುತ್ತಿರಲಿಲ್ಲ.

ತಟ್ಟೆ ಎದುರಿಗಿಟ್ಟುಕೊಂಡು ಬರೆದೆ. ಸಾರು ತಣ್ಣಗಾಯಿತು, ಆದರೆ ಮುದ್ದೆ ಕಾಗದದ ಮೇಲೆ ಎದ್ದು ಕೂತಿತು! ಖುಷಿ ತಡೆಯದೆ ಅವ್ವನಿಗೆ ತೋರಿಸಿದೆ.

"ಏನ್ಲಾ ಇವು, ಸಿಡುಬೆದ್ದಂಗೆ? ನನ್ ಮುದ್ದೇಲಿ ಗಂಟದೆ ಅಂತ ಊರಿಗೆಲ್ಲಾ ಡಂಗುರ ಹೊಡೀತೀಯಾ?"

"ಅಯ್ಯೋ, ಅದು ಟೆಕ್ಸ್ಚರ್ ಕಣವ್ವಾ, ಮುದ್ದೆ ಮೈ ತೋರ್ಸೋ ಚುಕ್ಕಿ."

"ನಿನ್ ಟೆಕ್ಸ್ಚರಿಗೆ ಬೆಂಕಿ ಬೀಳ!"

ನನಗೂ ಸಿಟ್ಟು ನೆತ್ತಿಗೇರಿತು. "ಕಂಡಂಗೆ ಬರ್ದಿವ್ನಿ, ಬೇಕಾದ್ರೆ ನೋಡು," ಎಂದು ತಟ್ಟೆಯಲ್ಲಿದ್ದ ಮುದ್ದೆಯನ್ನು ಮುರಿದೆ. ಒಳಗೂ ಹೊರಗೂ ಬೇಯದ ಹಿಟ್ಟಿನ ಗಂಟುಗಳು. ಮುದ್ದೆಯನ್ನು ಅಗಿಯಬಾರದು, ನುಂಗಬೇಕು ಎಂದು ಕಲಿಸಿದವಳೇ ಅವಳು. ನಾವೆಲ್ಲ ಹಾಗೆ ನುಂಗುತ್ತಲೇ ಇದ್ದೆವು, ಗಂಟು ಯಾರ ನಾಲಿಗೆಗೂ ಸಿಕ್ಕಿರಲಿಲ್ಲ.

ಅವ್ವ ಬಲಗೈಯನ್ನು ಸೆರಗಿನೊಳಗೆ ಎಳೆದುಕೊಂಡಳು. "ಕೋಲು ತಿರುವಕ್ಕೆ ರಟ್ಟೇಲಿ ಸಕ್ತಿ ಇಲ್ಲ ಕಣ್ಲಾ. ಯಾರ್ಗೂ ಯೋಳ್ಬ್ಯಾಡ."

ಜೀವಮಾನದಲ್ಲಿ ನಾನು ಬರೆದ ಮೊದಲ ನೆಟ್ಟಗಿನ ಚಿತ್ರವನ್ನು ಅವಳೆದುರೇ ಒಲೆಗೆ ಹಾಕಿದೆ. ಮೇಷ್ಟ್ರಿಗೆ ತೆಂಗಿನಕಾಯಿ ಬರೆದುಕೊಟ್ಟರೆ ಸಾಕು.

ಮಾರನೆಯ ದಿನ ಎಸರು ಕುದಿಯುವಾಗ ಅವ್ವ ಬಾಗಿಲು ಮುಂದೆ ಮಾಡಿ ಬಂದು, ಕೋಲನ್ನು ನನ್ನ ಕೈಗಿಟ್ಟಳು. ನಾನು ಬೆವರು ಸುರಿಸಿ ತಿರುವಿದೆ; ಅವಳು "ಸೋಂಬೇರಿ, ಒತ್ತಿ ತಿರುವ್ಲಾ" ಎಂದು ಬೈದಳು. ಮುದ್ದೆ ಕಟ್ಟಿದ್ದು ಮಾತ್ರ ಅವಳೇ.

ಅಂಗನವಾಡಿಯಿಂದ ಬಂದ ಹೆಂಡತಿ ಉಣ್ಣುತ್ತ, "ಅತ್ತೆ, ಇವತ್ತಿನ ಮುದ್ದೆ ಬೆಣ್ಣೆ ಇದ್ದಂಗದೆ," ಎಂದಳು.

"ಇನ್ನೆಂಗಿರುತ್ತೆ? ಯಾರ್ ಕೈದು!" ಎಂದಳು ಅವ್ವ, ನನ್ನ ಕಡೆ ನೋಡದೆ.