ಇನ್ನೂ ಬಾರದ ಗಾಡಿಯ ಹೊಟ್ಟೆ ನೆಲಕ್ಕೆ ತಗಲುವುದೇ?

ಮುಖ ಮುಚ್ಚಿಕೊಂಡು ಓಡಾಡುವವರನ್ನು ಕಂಡರೆ ಕುತೂಹಲ ಹುಟ್ಟುವುದು ಸಹಜ; ಆದರೆ ಮುಖದ ಜೊತೆಗೆ ಬೆನ್ನು, ಬಾಗಿಲು, ಬಂಪರುಗಳನ್ನೂ ಮುಚ್ಚಿಕೊಂಡು ಓಡಾಡುವ ಕಾರನ್ನು ಕಂಡಾಗ ಹುಟ್ಟುವುದು ಕುತೂಹಲವೋ ಗಲಿಬಿಲಿಯೋ ಎಂಬುದನ್ನು ನಾನು ಇನ್ನೂ ತೀರ್ಮಾನಿಸಿಲ್ಲ. ಕಳೆದ ಮಳೆಗಾಲದಲ್ಲಿ ಕೊಡಿಗೇಹಳ್ಳಿ ಗೇಟಿನ ಸಿಗ್ನಲ್ಲಿನಲ್ಲಿ ನನ್ನ ಸ್ಕೂಟರಿನ ಮುಂದೆ ಅಂಥದೊಂದು ನಿಂತಿತ್ತು. ಮೈತುಂಬ ಕಪ್ಪುಬಿಳುಪು ಸುರುಳಿಗಳ ಅಂಟುಹಾಳೆ, ಎತ್ತರದ ನಿಲುವು, ನಂಬರಿನ ಜಾಗದಲ್ಲಿ ನನಗೆ ಅರ್ಥವಾಗದ ಕೆಂಪು ಅಕ್ಷರಗಳು. ಮಾರುಕಟ್ಟೆಗೆ ಇನ್ನೂ ಬಾರದ ಗಾಡಿಗಳನ್ನು ಕಂಪನಿಯವರು ಹೀಗೆ ವೇಷ ಹಾಕಿಸಿ ರಸ್ತೆಯಲ್ಲಿ ಪರೀಕ್ಷಿಸುತ್ತಾರೆಂದು ಓದಿದ್ದೆನಾದ್ದರಿಂದ, ಅಪರೂಪದ ಪಕ್ಷಿಯನ್ನು ಕಂಡವನಂತೆ ಸ್ಕೂಟರನ್ನು ಅದರ ಮಗ್ಗುಲಿಗೆ ತಂದು, ಮೊಬೈಲು ತೆಗೆದು ಪಕ್ಕದಿಂದ ಒಂದು ಫೋಟೋ ಹೊಡೆದೆ. ಅಷ್ಟರಲ್ಲಿ ಗಾಡಿ ಹೊರಟು ಚಿತ್ರ ಮಸುಕಾಯಿತು. ಆ ಮಸುಕು ಚಿತ್ರವನ್ನು ಸಂಜೆ ಮನೆಯ ಮಾಲೀಕರಾದ ಮುನಿರಾಜು ಅವರಿಗೆ ತೋರಿಸಿದೆ. ಓದುಗ ಮಿತ್ರರೇ, ಆಮೇಲಿನದೆಲ್ಲ ಅದರ ಫಲ.

ಮುನಿರಾಜು ಕೊಡಿಗೇಹಳ್ಳಿಯ ಹಳೆಯ ಒಕ್ಕಲು ಮನೆತನದವರು. ತಂದೆಯ ಕಾಲದಲ್ಲಿ ರಾಗಿ ಬೆಳೆಯುತ್ತಿದ್ದ ಹೊಲಗಳಲ್ಲಿ ಈಗ ಅವರು ಮನೆಗಳನ್ನು ಬೆಳೆಯುತ್ತಾರೆ. ಅಂಥದೊಂದು ಬೆಳೆಯ ಮೇಲಿನ ಮಹಡಿಯಲ್ಲಿ ಗದಗಿನ ಕಡೆಯಿಂದ ಬಂದ ನಾನೂ ನನ್ನ ಹೆಂಡತಿ ಗಂಗಾಳೂ ಬಾಡಿಗೆಗಿದ್ದೇವೆ. ನಾನು ಯಲಹಂಕದ ಕಾಲೇಜೊಂದರಲ್ಲಿ ಸಂಖ್ಯಾಶಾಸ್ತ್ರ ಬೋಧಿಸುತ್ತೇನೆ. ಸಂಖ್ಯಾಶಾಸ್ತ್ರವೆಂದರೆ ಮುಂದಾಗುವುದನ್ನು ಲೆಕ್ಕ ಹಾಕಿ ಹೇಳುವ ವಿದ್ಯೆಯೆಂದು ಮುನಿರಾಜು ನಂಬಿದ್ದಾರೆ, ನಾನು ಆ ನಂಬಿಕೆಯನ್ನು ಬಲವಾಗಿ ಅಲ್ಲಗಳೆದವನಲ್ಲ. ಸಾಲದ್ದಕ್ಕೆ, ಕೊಳ್ಳಲಾಗದ ಕಾರುಗಳ ವಿಮರ್ಶೆಯನ್ನು ಓದುವ ದುರಭ್ಯಾಸ ನನಗುಂಟು. ಹೀಗಾಗಿ ಸ್ವಂತ ಕಾರಿಲ್ಲದ, ಕಾರು ಓಡಿಸಲೂ ಬಾರದ ನಾನು ನಮ್ಮ ಬೀದಿಯ ವಾಹನ ಪಂಡಿತನೆನಿಸಿಕೊಂಡಿದ್ದೆ. ಗಂಗಾಳಿಗೆ ಮಾತ್ರ ಈ ಪಾಂಡಿತ್ಯದಲ್ಲಿ ವಿಶ್ವಾಸವಿಲ್ಲ. “ಸ್ಕೂಟರ್ ಸ್ಟ್ಯಾಂಡ್ ಹಾಕಾಕ ನಿಮಗ ಎರಡೂ ಕೈ ಬೇಕು, ಮಂದಿಗೆ ಜೀಪಿನ ಬುದ್ಧಿ ಹೇಳ್ತೀರಿ” ಎಂದು ಅವಳು ಆಗಾಗ ನನ್ನನ್ನು ನೆಲಕ್ಕಿಳಿಸುತ್ತಾಳೆ.

ಫೋಟೋ ನೋಡಿದ ಮುನಿರಾಜು ಬಣ್ಣ ಕೇಳಲಿಲ್ಲ, ಮೈಲೇಜು ಕೇಳಲಿಲ್ಲ. “ಮೇಷ್ಟ್ರೇ, ಇದು ಚಿಕ್ಕಜಾಲದ್ ಹಳ್ಳ ದಾಟುತ್ತಾ?” ಎಂದರು.

ಪ್ರಶ್ನೆಯ ಹಿಂದೆ ಅವರ ತಾಯಿ ಮುನಿಯಮ್ಮನವರಿದ್ದರು. ಎಂಬತ್ತು ದಾಟಿದ ಹೆಂಗಸು. ಎರಡೂ ಕಣ್ಣಿಗೆ ಪೊರೆ ಬಂದು ಮಗ ಸೊಸೆಯರನ್ನು ದನಿಯಿಂದಷ್ಟೇ ಗುರುತಿಸುತ್ತಿದ್ದವರಿಗೆ ಆ ಬೇಸಿಗೆಯಲ್ಲಿ ಶಸ್ತ್ರಚಿಕಿತ್ಸೆಯಾಗಿ ದೃಷ್ಟಿ ಮರಳಿತ್ತು. ಆಪರೇಷನ್ನಿಗೆ ಮುಂಚೆ ಅವರೊಂದು ಹರಕೆ ಹೊತ್ತಿದ್ದರು: ಕಣ್ಣು ಬಂದರೆ ಮನೆದೇವರು ಮುನೇಶ್ವರನನ್ನು ಆ ಕಣ್ಣಿನಿಂದ ನೋಡುವವರೆಗೆ ಎಲೆಅಡಿಕೆ ಬಾಯಿಗಿಡುವುದಿಲ್ಲ ಎಂದು. ಮುನೇಶ್ವರನಿರುವುದು ಚಿಕ್ಕಜಾಲದಾಚೆ, ಅವರ ತವರಿನ ಹೊಲವಿದ್ದ ಜಾಗದಲ್ಲಿ, ಒಂದು ಬೇವಿನ ಮರದ ಕೆಳಗೆ. ಸುತ್ತ ಬಡಾವಣೆಯಾಗುತ್ತಿದೆ. ಪೈಪು ಹಾಕುವ ಸಲುವಾಗಿ ದಾರಿಗೆ ಅಡ್ಡಲಾಗಿ ಹಳ್ಳ ತೋಡಿದವರು ಪೈಪು ತರಲು ಹೋಗಿ ತಿರುಗಿ ಬಂದಿರಲಿಲ್ಲ. ಮಳೆ ಬಂದು ಎರಡೂ ದಂಡೆ ಜಾರಿ, ತಳದಲ್ಲಿ ಕೆಸರು ನಿಂತು, ಮುನಿರಾಜು ಅವರ ತಗ್ಗು ಕಾರು ಮೂಗು ಮುಟ್ಟಿಸಿ ವಾಪಸು ಬಂದಿತ್ತು. ಹೊತ್ತು ದಾಟಿಸುತ್ತೇವೆಂದರೆ ಅಜ್ಜಿ ಒಪ್ಪಲಿಲ್ಲ. “ನನ್ನ ಎತ್ಕೊಂಡೋಗೋದು ಒಂದೇ ದಿನ ಕಣ್ರಪ್ಪಾ. ಅದು ಇವತ್ತಲ್ಲ” ಎಂದುಬಿಟ್ಟರಂತೆ.

ಇದರ ಮೇಲೆ ಆ ಮನೆಯ ಪದ್ಧತಿಯೊಂದಿತ್ತು. ಎತ್ತಿನ ಗಾಡಿಯ ಕಾಲದಿಂದ ಟ್ರ್ಯಾಕ್ಟರಿನ ಕಾಲದವರೆಗೆ ಮನೆಗೆ ಬಂದ ಪ್ರತಿ ವಾಹನವೂ ಮೊದಲು ತನ್ನ ಚಕ್ರಗಳ ಮೇಲೆ ತಾನೇ ಹೋಗಿ ಆ ಬೇವಿನ ಮರದಡಿ ನಿಂತು, ನಿಂಬೆಹಣ್ಣು ತುಳಿದು, ಆಮೇಲೆಯೇ ಬೇರೆ ಊರಿಗೆ ಹೊರಡಬೇಕು. ಅಂದರೆ ಹೊಸ ಗಾಡಿ ಹಳ್ಳ ದಾಟದಿದ್ದರೆ ಅದಕ್ಕೆ ಪೂಜೆಯಿಲ್ಲ, ಪೂಜೆಯಾಗದೆ ಅದು ಓಡುವಂತಿಲ್ಲ, ಓಡದ ಗಾಡಿ ಹಳ್ಳ ದಾಟುವಂತಿಲ್ಲ. ಈ ವೃತ್ತದೊಳಗೆ ಸಿಕ್ಕಿ ನನ್ನ ತಲೆ ತಿರುಗಿತು. ಮುನಿರಾಜು ಅವರಿಗೆ ಯಾವ ಗೊಂದಲವೂ ಇರಲಿಲ್ಲ: ದಾಟುವ ಗಾಡಿ ತರುವುದು, ಮೊದಲ ಸವಾರಿಯಲ್ಲೇ ತಾಯಿಯನ್ನು ಕೂರಿಸುವುದು. ಬುಕಿಂಗ್ ತೆರೆಯುವ ಮುನ್ನ ನಾನು ಹೂಂ ಅಥವಾ ಊಹೂಂ ಎನ್ನಬೇಕಿತ್ತು, ಅಷ್ಟೆ.

ನಾನು ಅಧ್ಯಯನಕ್ಕೆ ಕುಳಿತೆ. ಮೊಬೈಲಿನ ವಿಶಾರದರೆಲ್ಲ ಹೆಚ್ಚುಕಡಿಮೆ ನನ್ನದರಷ್ಟೇ ಮಸುಕಾದ ಫೋಟೋಗಳ ಆಧಾರದ ಮೇಲೆ ಭವಿಷ್ಯ ನುಡಿಯುತ್ತಿದ್ದರು. ಒಬ್ಬ ಗಾಜಿನ ಮೇಲಿನ ಧೂಳು ನೋಡಿ ಇದು ಮರುಭೂಮಿಯಲ್ಲಿ ಪಳಗಿದೆಯೆಂದ; ಇನ್ನೊಬ್ಬ ಅದೇ ಧೂಳನ್ನು ನೋಡಿ ಇದು ಹೆಬ್ಬಾಳ ದಾಟಿಲ್ಲವೆಂದ. ನಾಲ್ಕೂ ಚಕ್ರಕ್ಕೆ ಶಕ್ತಿಯುಂಟೆಂದವನಿಗೂ ಎರಡಕ್ಕೇ ಎಂದವನಿಗೂ ಸಮಾನ ಸಂಖ್ಯೆಯ ಅನುಯಾಯಿಗಳು. ಮುಂದಿನ ಬಂಪರು ಏರಿಗೆ ತಗಲದಂತಿರುವ ಕೋನ, ಹಿಂದಿನದು ಇಳಿಯುವಾಗ ತಗಲದಂತಿರುವ ಕೋನ, ನಡುಹೊಟ್ಟೆ ದಿಬ್ಬಕ್ಕೆ ತಾಗದಂತಿರುವ ಇನ್ನೊಂದು ಕೋನ ಎಂದು ತ್ರಿಕೋನಮಿತಿಯ ಪಾಠವೇ ತೆರೆದುಕೊಂಡಿತು. ಹಾಸಿಗೆಯಿಂದೇಳುವಾಗ ನನ್ನ ಹೊಟ್ಟೆ ಯಾವ ಕೋನದಲ್ಲಿ ಅಡ್ಡ ಬರುತ್ತದೆಂದು ಯೋಚಿಸುವ ಸ್ಥಿತಿಗೆ ತಲುಪಿದೆ.

ನಿಜ ಹೇಳಬೇಕೆಂದರೆ ‘ಆಫ್ ರೋಡ್’ ಎಂಬ ಕಲ್ಪನೆಯೇ ನನಗೆ ಪೂರ್ತಿ ಒಗ್ಗಿಲ್ಲ. ರಸ್ತೆ ಬಿಟ್ಟು ಹೋಗಬೇಕಾದರೆ ಮೊದಲು ರಸ್ತೆಯಿರಬೇಕು. ನಮ್ಮೂರಿನ ಎರೆಹೊಲಗಳ ನಡುವೆ ಮಳೆಗಾಲದಲ್ಲಿ ಅದಿರುತ್ತಿರಲಿಲ್ಲ. ಅಪ್ಪ ಸೈಕಲ್ಲಿನಲ್ಲಿ ಹೊರಟರೆ ಹತ್ತು ಹೆಜ್ಜೆಗೆ ಚಕ್ರಕ್ಕೂ ಮಡ್‌ಗಾರ್ಡಿಗೂ ನಡುವೆ ಕರಿಮಣ್ಣು ಕಚ್ಚಿಕೊಂಡು, ಸೈಕಲ್ಲು ಅಪ್ಪನನ್ನು ಹೊರುವ ಬದಲು ಅಪ್ಪ ಸೈಕಲ್ಲನ್ನು ಹೊತ್ತು ಮನೆ ಸೇರುತ್ತಿದ್ದರು. ಅದಕ್ಕೆ ಸಾಹಸವೆಂದು ಯಾರೂ ಹೆಸರಿಟ್ಟಿರಲಿಲ್ಲ. ಈಗ ಅದೇ ಕೆಸರಿಗಾಗಿ ಜನ ಮುಂಗಡ ಕೊಟ್ಟು ಕಾಯುತ್ತಾರೆ.

ಒಂದು ಸಂಜೆ ಮುನಿರಾಜು ಪಟ್ಟು ಹಿಡಿದರು. ಲಭ್ಯ ಮಾಹಿತಿಯ ಮಿತಿಯಲ್ಲಿ, ಹಳ್ಳದ ಸ್ವರೂಪ ಬದಲಾಗದಿದ್ದಲ್ಲಿ, ದಾಟುವ ಸಂಭವನೀಯತೆ ದಾಟದಿರುವ ಸಂಭವನೀಯತೆಗಿಂತ ಗಮನಾರ್ಹವಾಗಿ ಕಡಿಮೆಯೇನಲ್ಲವೆಂದು ನಾನು ವಿವರಿಸಿದೆ. ಅವರು ಒಂದೇ ಮಾತಿನಲ್ಲಿ ಮುಗಿಸಿದರು: “ಅಂದ್ರೆ ನಿಮಗೂ ಗೊತ್ತಿಲ್ಲ.” ಜಗಲಿಯ ಮೇಲೆ ಕುಳಿತಿದ್ದ ಮುನಿಯಮ್ಮನವರು ಖಾಲಿ ದವಡೆ ಆಡಿಸುತ್ತ ನನ್ನನ್ನೇ ದಿಟ್ಟಿಸಿದರು. “ಮೇಷ್ಟ್ರೇ, ಕಣ್ ಬಂದ್ಮೇಲೆ ಎಲ್ರನ್ನೂ ನೋಡ್ದೆ. ನಿಮ್ಮನ್ನೂ ನೋಡ್ದೆ. ಅವನೊಬ್ಬನ್ನ ಬಿಟ್ಟು. ಆ ಗಾಡಿ ಬರೋಗಂಟ ಈ ಕಣ್ಣು ಇರ್ತವಾ, ಅದನ್ನ ಲೆಕ್ಕ ಆಕಿ ಏಳಿ.” ತಮಾಷೆಯಾಗಿ ಶುರುವಾದದ್ದು ತಮಾಷೆಯಾಗಿ ಉಳಿದಿಲ್ಲವೆಂದು ಅಂದು ಮೊದಲ ಬಾರಿಗೆ ಅನಿಸಿತು.

ಉಪಾಯ ಹೊಳೆದದ್ದು ಮುನಿರಾಜು ಅವರಿಗೆ. ನಮ್ಮ ಬೀದಿಯಲ್ಲಿ ಹುಟ್ಟುಹಬ್ಬ, ಗೃಹಪ್ರವೇಶ, ಚುನಾವಣೆಯ ಗೆಲುವು, ಚುನಾವಣೆಯ ಸೋಲು, ಎಲ್ಲಕ್ಕೂ ಆಳೆತ್ತರದ ಫ್ಲೆಕ್ಸ್ ನಿಲ್ಲಿಸುವವರಿಗೆ ಬೇರೇನು ಹೊಳೆಯಬೇಕು? ನಾನು ತೆಗೆದ ಫೋಟೋವನ್ನು ಗಾಡಿಯ ಅಸಲಿ ಅಳತೆಗೆ ಹಿಗ್ಗಿಸಿ ಕಟೌಟ್ ಮಾಡಿಸುವುದು. ಅದನ್ನು ಹಳ್ಳದ ಬಳಿಗೊಯ್ದು ಹಿಡಿದು ಇಳಿಸಿ ಹತ್ತಿಸಿ, ಹೊಟ್ಟೆ ತಗಲುತ್ತದೋ ಇಲ್ಲವೋ ಕಣ್ಣಾರೆ ನೋಡುವುದು! ನಗಬೇಕಾದ ನಾನು ಇದರಲ್ಲಿ ವೈಜ್ಞಾನಿಕತೆಯನ್ನು ಕಂಡೆ. ಉತ್ಸಾಹದಿಂದ ಅಳತೆಗಳನ್ನು ಕೊಟ್ಟೆ. ಅಳತೆಗಳೂ ವದಂತಿಗಳೇ ಎಂಬುದನ್ನು ಆ ಉತ್ಸಾಹದಲ್ಲಿ ಮರೆತೆ. ಬ್ಯಾನರಂಗಡಿಯ ಬಾಬು ಸರ್ವೆ ಮರದ ಕಂಬಗಳ ಚೌಕಟ್ಟಿಗೆ ಪ್ಲೈವುಡ್ ಹೊಡೆದು, ಅದರ ಮೇಲೆ ಫ್ಲೆಕ್ಸ್ ಎಳೆದು ಗಟ್ಟಿಮುಟ್ಟಾಗಿ ಮಾಡಿಕೊಟ್ಟ. ಅಭ್ಯಾಸಬಲದಿಂದ ಹಿಂದಿನ ಬಾಗಿಲಿನ ಮೇಲೆ ‘ಶುಭ ಕೋರುವವರು’ ಎಂದು ಅಚ್ಚು ಹಾಕಿ, ಕೆಳಗೆ ನನ್ನದೂ ಮುನಿರಾಜು ಅವರದೂ ಭಾವಚಿತ್ರಗಳನ್ನು ಅಂಟಿಸಿದ್ದ.

ಭಾನುವಾರ ಬೆಳಗ್ಗೆ ಟೆಂಪೋದಲ್ಲಿ ಕಟೌಟು, ಹಿಂದೆ ಕಾರಿನಲ್ಲಿ ನಾವು ಮತ್ತು ಮುನಿಯಮ್ಮನವರು ಚಿಕ್ಕಜಾಲಕ್ಕೆ ಹೊರಟೆವು. ಇದು ಪರೀಕ್ಷೆ ಮಾತ್ರ, ದರ್ಶನ ಗಾಡಿ ಬಂದ ಮೇಲೆ ಎಂದು ಮಗ ಎಷ್ಟು ಹೇಳಿದರೂ ಅಜ್ಜಿ ಹೊಸ ಸೀರೆಯುಟ್ಟು, ಕಾಯಿ ಹೂವಿನ ಚೀಲ ಮಡಿಲಲ್ಲಿಟ್ಟುಕೊಂಡು ಕುಳಿತಿದ್ದರು. ಹಳ್ಳದಾಚೆ ಬೇವಿನ ಮರ ಕಾಣುತ್ತಿತ್ತು. ಅದರ ಬುಡದ ಮೂರು ಕಲ್ಲುಗಳನ್ನು ಹುಲ್ಲು ಮುಚ್ಚಿತ್ತು.

ಪರೀಕ್ಷೆ ನಡೆಯಿತು. ಮುಂದಿನ ಚಕ್ರ ಬಾಬುವಿನ ಕೈಯಲ್ಲಿ, ಹಿಂದಿನದು ಮುನಿರಾಜು ಅವರ ಕೈಯಲ್ಲಿ, ನಾನು ದಂಡೆಯ ಮೇಲೆ ಮಗ್ಗುಲಾಗಿ ಬಾಗಿದ ತೀರ್ಪುಗಾರ. ಮೊದಲ ಸಲ ಇಳಿಸಿದಾಗ ಬಂಪರು ಮಣ್ಣಿಗೆ ತಗಲಿತು. ಓರೆಯಾಗಿ ಇಳಿಸಿದರೆ ತಗಲಲಿಲ್ಲ. ಹತ್ತಿಸುವಾಗ ಹಿಂಭಾಗ ತಗಲಿತೆಂದು ನಾನೂ, ತಗಲಿದ್ದು ತಮ್ಮ ಚಪ್ಪಲಿಯೆಂದು ಮುನಿರಾಜು ಅವರೂ ವಾದಕ್ಕೆ ನಿಂತೆವು. ಅಸಲಿ ಗಾಡಿಗೆ ಸ್ಪ್ರಿಂಗಿರುತ್ತದೆ, ಜನ ಕೂತರೆ ಕುಗ್ಗುತ್ತದೆ ಎಂದು ನಾನೆಂದಾಗ, ಕುಗ್ಗಿಸಿ ಹಿಡಿಯುವುದೆಷ್ಟು ಎಂಬ ಹೊಸ ಪ್ರಶ್ನೆ ಎದ್ದಿತು. ತೋಳು ಸೋತ ಬಾಬು, “ಸಾರ್, ಒಂದ್ನಿಮಿಷ ಮಲಗಿಸ್ತೀವಿ, ಆಮೇಲ್ ಜಗಳ ಆಡಿ” ಎಂದು ಮುಂದಿನ ಚಕ್ರವನ್ನು ಆಚೆ ದಂಡೆಯ ಮೇಲಿಟ್ಟ. ಈಚೆಯಿಂದ ಮುನಿರಾಜು ಹಿಂದಿನದನ್ನು ಇಳಿಸಿದರು. ಬಾರದ ಗಾಡಿ ಹಳ್ಳಕ್ಕೆ ಅಡ್ಡಲಾಗಿ ಅಂಗಾತ ಮಲಗಿತು. ನಮ್ಮ ವಾದ ಮುಂದುವರಿಯಿತು.

ಕಾರಿನ ಬಾಗಿಲು ತೆರೆದ ಸದ್ದು ನಮಗೆ ಕೇಳಲೇ ಇಲ್ಲ. ತಿರುಗಿದಾಗ ಮುನಿಯಮ್ಮನವರು ಕಟೌಟಿನ ಹಿಂದಿನ ಚಕ್ರದ ಮೇಲೆ ನಿಂತಿದ್ದರು, ಚೀಲ ಕಂಕುಳಲ್ಲಿ. “ಅಮ್ಮಾ!” ಎಂದು ಮುನಿರಾಜು ಚೀರಿದರು. “ಬಡ್ಕೋಬ್ಯಾಡ, ಕೈ ಇಡ್ಕೋ” ಎಂದರು ಅವರು. ಮಗ ಹಿಂದಿನಿಂದ ಹಿಡಿದರು, ಆಚೆಯಿಂದ ಬಾಬು ಕೈ ಚಾಚಿದ. ಸರ್ವೆ ಕಂಬಗಳು ಕಿರುಗುಟ್ಟಿದವು. ನನಗೆ ಸಂಭವನೀಯತೆಯ ಒಂದೂ ಸೂತ್ರ ನೆನಪಿಗೆ ಬರಲಿಲ್ಲ. ಅಜ್ಜಿ ನಮ್ಮಿಬ್ಬರ ಭಾವಚಿತ್ರಗಳನ್ನು ತುಳಿದು, ಎರಡು ಬಾಗಿಲು ದಾಟಿ, ಬಾನೆಟ್ಟಿನ ಮೇಲೆ ಹಾದು, ದೀಪದ ಮೇಲೊಂದು ಕಾಲಿಟ್ಟು, ಆಚೆ ದಂಡೆಗಿಳಿದರು.

ಹುಲ್ಲು ಕಿತ್ತು, ಕಲ್ಲಿನ ಮೇಲಿನ ಮಣ್ಣನ್ನು ಸೆರಗಿನಿಂದ ಒರೆಸಿ, ಬಹಳ ಹೊತ್ತು ನೋಡಿದರು. “ಇಷ್ಟೇಯಾ ನೀನು? ದೊಡ್ಡೋನಿದ್ಯಲ್ಲೋ” ಎಂದು ಗದರಿ, ಅಳತೊಡಗಿದರು. ಮುನಿರಾಜು ನನ್ನ ಕಡೆ ನೋಡದೆ ಮರದ ಆಚೆ ಹೋಗಿ ನಿಂತರು. ನನ್ನ ಕಣ್ಣೂ ತೇವವಾಗಿತ್ತೆಂದು ಹೇಳಿಕೊಳ್ಳಲು ಸಂಕೋಚವೇನಿಲ್ಲ. ಕಾಯಿ ಒಡೆದ ಮೇಲೆ ಅಜ್ಜಿ ಚೀಲದ ತಳದಿಂದ ಎಲೆಅಡಿಕೆ ತೆಗೆದರು. ಬೆಳಗ್ಗೆಯೇ ಇಟ್ಟುಕೊಂಡು ಬಂದಿದ್ದರು. ಪರೀಕ್ಷೆಯೋ ದರ್ಶನವೋ ಎಂಬ ವಿಷಯದಲ್ಲಿ ಅವರಿಗೆ ಅನುಮಾನವೇ ಇದ್ದಿರಲಿಲ್ಲವೆಂದು ಆಗ ತಿಳಿಯಿತು. ಒಂದು ಹಲಗೆ ಸಾಕಿದ್ದ ಕಡೆ ನಾವಿಬ್ಬರೂ ಅಷ್ಟು ದಿನ ನಾಲ್ಕು ಚಕ್ರಗಳನ್ನೇ ಯಾಕೆ ಹುಡುಕಿದೆವೆಂಬುದು ನನಗೆ ಈಗಲೂ ಬಗೆಹರಿದಿಲ್ಲ.

ಕಟೌಟನ್ನು ಅಲ್ಲಿಯೇ ಬಿಟ್ಟು ಬಂದೆವು. ಪೈಪಿನವರು ಬಂದು ಹಳ್ಳ ಮುಚ್ಚುವವರೆಗೆ ಹಾಲಿನವರು, ಶಾಲೆಯ ಮಕ್ಕಳು, ಒಂದೆರಡು ಮೇಕೆಗಳು ಅದರ ಮೇಲೆಯೇ ದಾಟಿದರಂತೆ. ಮುನಿರಾಜು ಗಾಡಿ ಬುಕ್ ಮಾಡಿದ್ದಾರೆ, ಇನ್ನೂ ಸರದಿಯಲ್ಲಿದ್ದಾರೆ.

ಮೊನ್ನೆ ಅದೇ ಕೊಡಿಗೇಹಳ್ಳಿ ಗೇಟಿನ ಸಿಗ್ನಲ್ಲಿನಲ್ಲಿ ಅದೇ ಗಾಡಿ ನನ್ನ ಮುಂದೆ ನಿಂತಿತು. ಈಗ ವೇಷ ಕಳಚಿದೆ, ಬಿಳಿ ಬಣ್ಣ, ಹೊಚ್ಚ ಹೊಸ ನಂಬರು. ಪಕ್ಕದ ಬೈಕಿನವನು ಹೆಲ್ಮೆಟ್ಟಿನ ಗಾಜೆತ್ತಿ ಆಸೆಯಿಂದ ನೋಡುತ್ತಿದ್ದ. “ಸೂಪರಾಗೈತಲ್ವಾ ಗುರು? ಆಫ್ ರೋಡಲ್ಲಿ ಹೆಂಗಂತೆ?” ಎಂದು ನನ್ನನ್ನು ಕೇಳಿದ. ಇಷ್ಟು ಕಾಲ ಕಾದಿದ್ದ ಪ್ರಶ್ನೆಗೆ ಕೊನೆಗೂ ನನ್ನ ಬಳಿ ಪ್ರತ್ಯಕ್ಷಪ್ರಮಾಣವುಳ್ಳ ಉತ್ತರವೊಂದಿತ್ತು.

“ಮಲಗಿಸಿದ್ರೆ ಎಂಬತ್ತು ವರ್ಷದ ಅಜ್ಜೀನೂ ದಾಟಿಸ್ತದ, ನಾನ ಕಣ್ಣಾರೆ ನೋಡೀನಿ” ಎಂದೆ. ಅವನು ಏನೋ ಕೇಳಲು ಬಾಯಿ ತೆರೆಯುವಷ್ಟರಲ್ಲಿ ಹಸಿರು ದೀಪ ಬಂತು.