ವೈನಿಯ ಗೇಣು

ವೈನಿಯ ಬಲಗೈ ಕಿರುಬೆರಳು ನೆಟ್ಟಗೆ ನಿಲ್ಲುತ್ತಿರಲಿಲ್ಲ. ನಡುವಿನ ಗೆಣ್ಣಿನಲ್ಲಿ ಒಳಕ್ಕೆ ಬಾಗಿ, ಏನನ್ನೋ ಹಿಡಿದುಕೊಂಡು ಬಿಡಲಾರದೆ ಇರುವಂತೆ ಕಾಣುತ್ತಿತ್ತು. ಎಳೆಯ ವಯಸ್ಸಿನಲ್ಲಿ ರೈಲಿನ ಬಾಗಿಲಿಗೆ ಸಿಕ್ಕಿ ಹಾಗಾಗಿತ್ತಂತೆ. ಆದರೂ ಅವರು ಎಲ್ಲವನ್ನೂ ಗೇಣಿನಿಂದಲೇ ಅಳೆಯುತ್ತಿದ್ದರು. ಕಿಟಕಿಯ ಪರದೆ, ರವಿಕೆಯ ಬಟ್ಟೆ, ಹೊಸ ಕಪಾಟು ಇಡುವ ಜಾಗ, ಎಲ್ಲಕ್ಕೂ ಕೈ ಹರಡುವುದೇ. ನಾನು ಟೇಪು ಕೊಟ್ಟರೆ ನಗುತ್ತಿದ್ದರು.

"ಅದನ್ನ ಹುಡುಕೂದ್ರಾಗ ಹೊತ್ತ ಮುಳಗತದ. ಕೈ ಎಲ್ಲಾರೆ ಇಟ್ಟ ಮರೀತೀನೇನ್ರಿ ಅಕ್ಕಾ?"

ಮಕ್ಕಳೇ, ನೀವು ಗೇಣಜ್ಜಿ ಎಂದು ಕರೆಯುತ್ತಿದ್ದದ್ದು ಇವರನ್ನೇ. ನಮ್ಮ ಎದುರುಮನೆಯವರು. ನಮ್ಮ ಕಡೆ ಅಣ್ಣನ ಹೆಂಡತಿಗೆ ವೈನಿ ಎನ್ನುತ್ತಾರೆ. ಅವರು ನನಗೆ ಯಾವ ಸಂಬಂಧದಿಂದಲೂ ವೈನಿಯಲ್ಲ. ಅವರೂ ಬೆಳಗಾವಿ ಕಡೆಯವರು, ನಮ್ಮಂತೆಯೇ ಮಾತಾಡುವವರು, ಅಷ್ಟೇ.

ನಿಮ್ಮ ಅಜ್ಜ ಇಲ್ಲಿ ಪುಣೆಯಲ್ಲಿ, ಖಡಕಿಯ ಕಾರ್ಖಾನೆಯಲ್ಲಿ ಗುಮಾಸ್ತರಾಗಿದ್ದರು. ಹೊರಗಿನ ಮಾತೆಲ್ಲ ಅವರದೇ. ನಾನು ಊರ ಶಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ ಓದಿದವಳು. ಮರಾಠಿ, ಹಿಂದಿ ಕಿವಿಗೆ ತಿಳಿಯುತ್ತಿದ್ದವು, ನಾಲಿಗೆಗೆ ಬರುತ್ತಿರಲಿಲ್ಲ. ತೊಂಬತ್ತರ ದಶಕದ ಕೊನೆಯಲ್ಲಿ ಅಜ್ಜ ತೀರಿಕೊಂಡರು. ಆಮೇಲೆ ನಿಮ್ಮ ಅವ್ವನ ಮದುವೆಯಾಗಿ ಅವಳು ದಿಲ್ಲಿಗೆ ಹೋದಳು. ಇಡೀ ದಿನ ಬಾಯಿ ತೆರೆಯದೆ ಕಳೆದದ್ದುಂಟು. ಸಂಜೆ ಮಾತಾಡಿದರೆ ನನ್ನ ದನಿ ನನಗೇ ಯಾರದೋ ಅನಿಸುತ್ತಿತ್ತು.

ಆ ಸಂಜೆಯ ಮಾತು ವೈನಿಯ ಜೊತೆಗೇ. ಕತ್ತಲಾಗುವ ಹೊತ್ತಿಗೆ ಅವರ ಬಾಗಿಲಿನಿಂದ ಕೂಗು ಬರುತ್ತಿತ್ತು.

"ದೀಪಾ ಹಚ್ಚೀರೇನ್ರಿ, ಅಕ್ಕಾ?"

"ಹಚ್ಚೀನ್ರಿ, ವೈನಿ."

ಎಷ್ಟೋ ದಿನ ಹಚ್ಚಿರುತ್ತಿರಲಿಲ್ಲ. ಹಚ್ಚಿದೆನೆಂದು ಹೇಳಿಬಿಟ್ಟ ಮೇಲೆ ಎದ್ದು ಹಚ್ಚಲೇಬೇಕಲ್ಲ. ಅದಕ್ಕೇ ಕೂಗುತ್ತಿದ್ದರೇನೋ. ಅವರ ಯಜಮಾನರಿಗೆ ರೈಲ್ವೆಯ ಪಾಳಿ ಕೆಲಸ, ಮನೆಯಲ್ಲಿ ಇದ್ದದ್ದಕ್ಕಿಂತ ಇಲ್ಲದ್ದೇ ಹೆಚ್ಚು. ಮಕ್ಕಳಿರಲಿಲ್ಲ. ಮಧ್ಯಾಹ್ನವೆಲ್ಲ ಹಳೆಯ ಬಟ್ಟೆಗಳನ್ನು ಒಂದರ ಮೇಲೊಂದು ಹಾಸಿ ಕೌದಿ ಹೊಲಿಯುತ್ತಿದ್ದರು. ಅಜ್ಜನ ವರ್ಷಾಬ್ದಿಕ ಮುಗಿದ ಮೇಲೆ, "ಹಳೀ ಅರಿವಿ ಇದ್ರ ಕೊಡ್ರಿ" ಎಂದು ಕೇಳಿದ್ದರು. ಅಜ್ಜನ ಅಂಗಿಗಳನ್ನು ಕೊಟ್ಟಿದ್ದೆ. ಕಣ್ಣ ಮುಂದೆ ಇಲ್ಲದಿದ್ದರೆ ಸಾಕಾಗಿತ್ತು ನನಗೆ.

ಒಮ್ಮೆ ಕೆಳಗಿನ ಮನೆಯಲ್ಲಿ ಕೂಸಿನ ಹೆಸರಿಡುವ ಕಾರ್ಯವಿತ್ತು. ವೈನಿ ಪುಟ್ಟ ಕೌದಿಯೊಂದನ್ನು ಒಯ್ದು ಕೊಟ್ಟು ಬಂದರು. ಮರುದಿನ ಅದು ಮಡಚಿದಂತೆಯೇ ಅವರ ಹೊಸ್ತಿಲ ಮೇಲೆ ಇತ್ತು. ಮಕ್ಕಳಿಲ್ಲದವರು ಹೊಲಿದದ್ದು ಕೂಸಿಗೆ ಬೇಡವೆಂದು ಆ ಮನೆಯ ಹಿರಿಯರು ಹೇಳಿದ್ದರಂತೆ. ವೈನಿ ಕೌದಿಯನ್ನು ಕೊಡವಿ ಒಳಗೆ ಒಯ್ದರು.

"ಅವರ ಮನ್ಯಾಗ ಜಾಗಾ ಇಲ್ಲಂತ್ರಿ," ಎಂದರು. ಆಮೇಲೆ ಯಾವ ಕೂಸಿಗೂ ಕೌದಿ ಕೊಟ್ಟದ್ದನ್ನು ನಾನು ನೋಡಲಿಲ್ಲ.

ನಿಮ್ಮಲ್ಲಿ ಹಿರಿಯಳು ಹೊಟ್ಟೆಯಲ್ಲಿದ್ದಾಗಿನ ಮಾತು ಈಗ ಹೇಳುತ್ತೇನೆ. ಅದಕ್ಕೆ ಮೊದಲು ಒಂದು ಸಲ ನಿಮ್ಮ ಅವ್ವನಿಗೆ ಬಸಿರು ನಿಲ್ಲದೆ ಹೋಗಿತ್ತು. ಈ ಸಲ ಡಾಕ್ಟರು ಮಲಗಿಯೇ ಇರಬೇಕೆಂದಿದ್ದರು. ಹೆದರಿಕೆಗೋ ಏನೋ, ಅವಳಿಗೆ ಉಂಡದ್ದು ನಿಲ್ಲುತ್ತಿರಲಿಲ್ಲ. ದಿನದಿನಕ್ಕೆ ಇಳಿಯುತ್ತಿದ್ದಳು. ಒಂದು ದಿನ ಫೋನಿನಲ್ಲಿ, "ಅವ್ವಾ, ಗಿಣ್ಣ ತಿನಬೇಕ ಅನಸ್ತದ" ಎಂದಳು. ತಿಂಗಳುಗಳಲ್ಲಿ ಬಾಯಿಬಿಟ್ಟು ಕೇಳಿದ್ದು ಅದೊಂದೇ.

ನಮಗೆ ಹಾಲು ಹಾಕುವ ಗವಳಿಗರ ಎಮ್ಮೆ ಈಯುವುದರಲ್ಲಿತ್ತು, ಗಿಣ್ಣದ ಹಾಲು ಸಿಗುತ್ತಿತ್ತು. ಆದರೆ ಬೇಸಿಗೆ. ರೈಲಿನಲ್ಲಿ ಒಯ್ದರೆ ದಾರಿಯಲ್ಲೇ ಹುಳಿಯಾಗುತ್ತದೆ. ಕಡಿಮೆ ದರದ ವಿಮಾನಗಳು ಆಗ ಹೊಸದಾಗಿ ಶುರುವಾಗಿದ್ದವು. ಅಳಿಯ ವಿಮಾನದಲ್ಲೇ ಬನ್ನಿ ಎಂದ. ವಿಮಾನವೆಂದ ಕೂಡಲೇ ನಾನು ಫೋನಿಟ್ಟು ಅಲ್ಲೇ ಕುಳಿತುಬಿಟ್ಟೆ.

"ಮಗಳ ಕೇಳ್ಯಾಳ. ಹೋಗಂಗಿಲ್ಲ ಅಂತೀರೇನ?" ಎಂದು ವೈನಿ ನನ್ನನ್ನು ಎಬ್ಬಿಸಿಕೊಂಡು ಟಿಕೆಟ್ ಅಂಗಡಿಗೆ ನಡೆದರು. ಕೈಯಲ್ಲಿ ಒಯ್ಯುವ ಸಾಮಾನು ಇಷ್ಟಕ್ಕಿಂತ ದೊಡ್ಡದಿರಬಾರದು ಎಂದು ಅಂಗಡಿಯವನು ಮೇಜಿನ ಮೇಲೆ ಪಟ್ಟಿ ಇಟ್ಟು ಗೆರೆ ಎಳೆದು ತೋರಿಸಿದ. ವೈನಿ ಬಲಗೈ ಹರಡಿ ಗೆರೆಯ ಮೇಲೆ ನಡೆಸಿದರು.

"ಉದ್ದ ಮೂರ ಗೇಣ, ಅಗಲ ಎರಡ ಗೇಣ. ಮುಗೀತು."

ಅಲ್ಲಿಂದ ಬಜಾರಿಗೆ ಹೋದೆವು. ದಾರಿಯಲ್ಲಿ ತರಕಾರಿ ಕೊಂಡದ್ದರಿಂದ ಅವರ ಬಲಗೈಯಲ್ಲಿ ಭಾರದ ಚೀಲವಿತ್ತು. ಅಂಗಡಿಯ ಐಸ್ ಪೆಟ್ಟಿಗೆಗಳ ಮೇಲೆ ಎಡಗೈ ನಡೆಸಿ, ಬಿಳಿ ಮುಚ್ಚಳದ ಒಂದು ನೀಲಿ ಪೆಟ್ಟಿಗೆಯನ್ನು ಆರಿಸಿದರು. "ಮೂರ ಗೇಣ, ಎರಡ ಗೇಣ. ಹೇಳಿ ಮಾಡಿಸಿದಂಗ ಅದ ನೋಡ್ರಿ!"

ಗಿಣ್ಣವನ್ನು ಬೆಲ್ಲ, ಏಲಕ್ಕಿ ಹಾಕಿ ಇಬ್ಬರೂ ಸೇರಿ ಬೇಯಿಸಿದೆವು. ಸ್ಟೀಲಿನ ಡಬ್ಬಿಯಲ್ಲಿ ಇಡೀ ರಾತ್ರಿ ಅವರ ಫ್ರಿಜ್ಜಿನಲ್ಲಿಟ್ಟು, ಬೆಳಿಗ್ಗೆ ಸುತ್ತ ಬರ್ಫ ತುಂಬಿ ಪೆಟ್ಟಿಗೆಯಲ್ಲಿಟ್ಟೆವು. ಲೋಹಗಾಂವದ ವಿಮಾನ ನಿಲ್ದಾಣದವರೆಗೆ ರಿಕ್ಷಾದಲ್ಲಿ ವೈನಿಯೂ ಬಂದರು. ದಾರಿಯುದ್ದಕ್ಕೂ ಒಂದು ಬಟ್ಟೆಯ ಚೀಲವನ್ನು ಎದೆಗೆ ಒತ್ತಿಕೊಂಡಿದ್ದರು.

"ಅದ್ರಾಗೇನ್ರಿ?" ಎಂದೆ.

"ಏನಿಲ್ರಿ, ಚಿಂದಿ," ಎಂದು ಹೊರಗೆ ನೋಡಿದರು.

ಟಿಕೆಟ್ ಇದ್ದವರಿಗೆ ಮಾತ್ರ ಒಳಗೆ ಪ್ರವೇಶ. ನಾನೊಬ್ಬಳೇ ಹೋದೆ. ಸಾಲಿನ ಕೊನೆಯಲ್ಲಿ ಒಂದು ಕಬ್ಬಿಣದ ಚೌಕಟ್ಟು. ಅದರೊಳಗೆ ಸಾಮಾನು ಇಳಿದರೆ ಮಾತ್ರ ಕೈಯಲ್ಲಿ ಒಯ್ಯಬಹುದು. ನೀಲಿ ಪೆಟ್ಟಿಗೆ ಇಳಿಯಲಿಲ್ಲ. ನಾಲ್ಕು ಬೆರಳಿನಷ್ಟು ಹೊರಗೇ ಉಳಿಯಿತು. ಇದನ್ನು ದೊಡ್ಡ ಸಾಮಾನಿನೊಂದಿಗೆ ಹಾಕಿಬಿಡಿ, ಆದರೆ ಮುಚ್ಚಳಕ್ಕೆ ಕೀಲಿ ಇಲ್ಲ, ಮಗುಚಿದರೆ ನಮ್ಮನ್ನು ಕೇಳಬೇಡಿ ಎಂದು ಅಲ್ಲಿದ್ದ ಹುಡುಗಿ ಹಿಂದಿಯಲ್ಲಿ ಮೆತ್ತಗೇ ಹೇಳಿದಳು. ನನಗೆ ಎಲ್ಲ ತಿಳಿಯಿತು. ಪೆಟ್ಟಿಗೆಯನ್ನು ತಿರುಗಿಸಿ ಮತ್ತೊಮ್ಮೆ ಚೌಕಟ್ಟಿಗೆ ಒತ್ತಿದೆ. ಹಿಂದೆ ನಿಂತವರು ಗೊಣಗತೊಡಗಿದರು. ಮಗುಚಿದರೆ ಬರ್ಫದ ನೀರೆಲ್ಲ ಗಿಣ್ಣದೊಳಗೆ. ಬರಿಗೈಯಲ್ಲಿ ಮಗಳ ಮುಂದೆ ಹೇಗೆ ನಿಲ್ಲಲಿ?

ತಿರುಗಿ ನೋಡಿದೆ. ವೈನಿ ಇನ್ನೂ ಹೋಗಿರಲಿಲ್ಲ. ಗಾಜಿಗೆ ಹಣೆ ಹಚ್ಚಿ ನನ್ನನ್ನೇ ಹುಡುಕುತ್ತಿದ್ದರು. ಪೆಟ್ಟಿಗೆ ಹೊತ್ತುಕೊಂಡು ಬಾಗಿಲಿಗೆ ಬಂದೆ. ಕಾವಲಿನವನು ತಡೆದ. ವೈನಿ ಹೊರಗಿನಿಂದಲೇ, "ಭಾವೂ, ಖರ್ವಸ್ ಆಹೇ, ಮುಲೀಸಾಠೀ!" ಎಂದರು. ಮಗಳಿಗಾಗಿ ಗಿಣ್ಣ ಎಂದು. ಅವನು ಡಬ್ಬಿ ತೆರೆಸಿ ನೋಡಿ, ಬೇಗ ಮುಗಿಸಿ ಎಂದು ಪಕ್ಕಕ್ಕೆ ಸರಿದು ನಿಂತ.

ವೈನಿ ಪೆಟ್ಟಿಗೆಯ ಮೇಲೆ ಒಮ್ಮೆ ಎಡಗೈ ಇಟ್ಟರು, ಒಮ್ಮೆ ಬಲಗೈ ಇಟ್ಟರು. "ಅಯ್ಯ ನನ್ನ ಸುಡ್ಲಿ! ಅಲ್ಲಿ ಅಳದದ್ದು ಈ ಡೊಂಕ ಕೈಲೆ, ಬಜಾರದಾಗ ಅಳದದ್ದು ಆ ಕೈಲೆ!" ಎಂದು ಹಣೆ ಬಡಿದುಕೊಂಡರು. ಅಂಥ ಹೊತ್ತಿನಲ್ಲೂ ನನಗೆ ನಗು ಬಂತು, ನಗುವಿನೊಂದಿಗೆ ಅಳುವೂ ಬಂತು.

ಅವರು ತಮ್ಮ ಬಟ್ಟೆಯ ಚೀಲವನ್ನು ನೋಡಿಕೊಂಡರು. ತುಸು ತಡೆದು, ಅದರೊಳಗೆ ಕೈ ಹಾಕಿ ಒಂದು ಕೌದಿ ತೆಗೆದರು. ಪುಟ್ಟ ಕೌದಿ, ಹೊಸದು.

"ಡಬ್ಬಿ ಇದರಾಗ ಸುತ್ರಿ. ಥಂಡ್ಯಾಗ ಮೈ ಕಾವು ಹೊರಗ ಬಿಡಂಗಿಲ್ಲ ಇದು, ಬಿಸಲ ಒಳಗ ಬಿಡತದೇನ? ಬರ್ಫ ಇಲ್ಲೇ ಇರ್ಲಿ."

"ವೈನಿ, ಇದು ಕೂಸಿನ ಕೌದಿ."

"ಕೂಸಿಂದಲ್ಲ, ಏನಲ್ಲ. ಡಬ್ಬಿ ಸುತ್ತಾಕ ತಂದದ್ದು." ಅವರು ನನ್ನ ಮುಖ ನೋಡಲಿಲ್ಲ. "ದಿಲ್ಲಿ ಮುಟ್ಟಿದ ಮ್ಯಾಲ ಕಸದಾಗ ಒಗದಬಿಡ್ರಿ."

ನಾನು ಎಂದೂ ಗಟ್ಟಿಯಾಗಿ ಮಾತಾಡಿದವಳಲ್ಲ. ಅಂದು ಆಡಿದೆ. "ಒಗ್ಯಾಂಗಿಲ್ಲ, ವೈನಿ. ಕೂಸು ಬಂದ ಮ್ಯಾಲ ಇದರ ಮ್ಯಾಲೇ ಮಲಗಸ್ತೀನಿ."

ವೈನಿ ಡಬ್ಬಿಯನ್ನು ಕೌದಿಯ ನಡುವೆ ಇಟ್ಟರು. ಬಾಗಿದ ಬೆರಳಿನ ಆ ಕೈಯಿಂದ ಕೌದಿಯ ಮೂಲೆಗಳನ್ನು ಎಳೆದು ಗಂಟು ಹಾಕಿದರು. ಹಾಕಿದ ಗಂಟಿನ ಮೇಲೆ ಮತ್ತೊಂದು ಗಂಟು ಹಾಕಿದರು.

ಬುತ್ತಿಗಂಟು ಚೌಕಟ್ಟಿನೊಳಗೆ ತಾನೇ ಮೈ ಮಡಚಿಕೊಂಡು ಕುಳಿತಿತು. ಹುಡುಗಿ ನಕ್ಕು ಒಳಗೆ ಬಿಟ್ಟಳು. ದಿಲ್ಲಿಯವರೆಗೂ ಅದು ನನ್ನ ಕಾಲ ಬಳಿಯೇ ಇತ್ತು. ವಿಮಾನ ಅಲುಗಿದಾಗಲೆಲ್ಲ ಬಾಗಿ ಅದನ್ನೇ ಮುಟ್ಟಿ ನೋಡುತ್ತಿದ್ದೆ.

ಮನೆಯಲ್ಲಿ ಗಂಟು ಬಿಚ್ಚಿದಾಗ ಡಬ್ಬಿ ಇನ್ನೂ ತಂಪಾಗಿತ್ತು. ನಿಮ್ಮ ಅವ್ವ ಮಲಗಿದಲ್ಲೇ ಗಿಣ್ಣದ ಒಂದು ತುಂಡು ತಿಂದಳು. ಸ್ವಲ್ಪ ಹೊತ್ತು ಕಾದಳು. ಇನ್ನೊಂದು ಕೊಡು ಎಂದಳು. ನಾನು ಕೌದಿಯನ್ನು ಮಡಚಲು ಹಾಸಿಗೆಯ ಮೇಲೆ ಹರಡಿದೆ. ನಟ್ಟನಡುವೆ ನೀಲಿ ಗೆರೆಯ ಬಟ್ಟೆಯ ಒಂದು ಚೌಕ. ನನಗಿಂತ ಮೊದಲು ಗುರುತಿಸಿದವಳು ಅವಳೇ.

"ಅಪ್ಪನ ಅಂಗಿ," ಎಂದು ಅದರ ಮೇಲೆ ಕೆನ್ನೆ ಇಟ್ಟಳು.

ಆ ಸಂಜೆ ವೈನಿಗೆ ಫೋನು ಮಾಡಿದೆ. "ತಂಪಿತ್ತೇನ್ರಿ?" ಎಂದಷ್ಟೇ ಕೇಳಿದರು. ತಂಪಿತ್ತು, ತಿಂದದ್ದು ನಿಂತಿದೆ, ಕೌದಿ ಮಗಳ ಹಾಸಿಗೆಯ ಮೇಲಿದೆ ಎಂದೆ. ಅದಕ್ಕೆ ಅವರು, "ದೀಪಾ ಹಚ್ಚೀರೇನ್ರಿ?" ಎಂದರು.

ಆ ಕೌದಿಯ ಮೇಲೆ ನೀವೆಲ್ಲ ಒಬ್ಬರಾದ ಮೇಲೊಬ್ಬರು ಮಲಗಿ ಬೆಳೆದಿರಿ. ರಜೆಗೆ ಪುಣೆಗೆ ಬಂದಾಗ ಗೇಣಜ್ಜಿ ನಿಮ್ಮನ್ನು ಗೋಡೆಗೆ ನಿಲ್ಲಿಸಿ ಕಾಲಿನಿಂದ ನೆತ್ತಿಯವರೆಗೆ ಅಳೆಯುತ್ತಿದ್ದರಲ್ಲ, ಯಾವಾಗಲೂ ಬಲಗೈಯಿಂದಲೇ. ಒಮ್ಮೆ ನಾನು, "ಆ ಕೈಲೆ ಯಾಕ ಅಳೀತೀರಿ, ವೈನಿ? ನಮಗ ಗೊತ್ತದಲ್ಲ ಅದರ ಕತಿ," ಎಂದು ಚೇಷ್ಟೆ ಮಾಡಿದೆ.

"ಈ ಕೈಲೆ ಅಳದ್ರ ಹೆಚ್ಚ ಬೆಳದಂಗ ಕಾಣತಾವ್ರಿ, ಕೂಸುಗಳು," ಎಂದರು.

ವೈನಿ ಒಂದು ಚಳಿಗಾಲದಲ್ಲಿ, ಬಹಳ ದಿನ ಹಾಸಿಗೆ ಹಿಡಿಯದೆ, ಹೋಗಿಬಿಟ್ಟರು. ಯಜಮಾನರು ಮನೆಗೆ ಕೀಲಿ ಹಾಕಿ ತಮ್ಮನ ಊರಿಗೆ ಹೋದರು. ಅಂದು ವಿಮಾನ ನಿಲ್ದಾಣದ ಬಾಗಿಲಲ್ಲೇ ಉಳಿದ ನೀಲಿ ಪೆಟ್ಟಿಗೆಯನ್ನು ವೈನಿ ಹೊಲಿಗೆಯ ಚಿಂದಿ ತುಂಬಲು ಇಟ್ಟುಕೊಂಡಿದ್ದರು. ಈಗ ಅದು ನನ್ನ ಮಂಚದ ಕೆಳಗಿದೆ. ಸಂಜೆ ಯಾರೂ ಕೂಗುವುದಿಲ್ಲ. ದೀಪ ಹಚ್ಚಿ, ಒಮ್ಮೆ ಬಾಗಿಲು ತೆರೆದು ಎದುರಿನ ಬೀಗ ನೋಡಿ, ಮುಚ್ಚಿಕೊಳ್ಳುತ್ತೇನೆ.

ಕಳೆದ ಸಲ ಬಂದಾಗ ನೀವು ಗೋಡೆಗೆ ನಿಂತು, ಅಜ್ಜಿ, ಅಳೆದು ಹೇಳು ಎಂದಿರಿ. ನನ್ನ ಬೆರಳುಗಳು ನೆಟ್ಟಗಿವೆ. ಆದರೂ ಕಿರುಬೆರಳನ್ನು ಮಡಚಿಕೊಂಡೇ ಅಳೆದೆ.