ತಲೆಯ ಮೇಲೊಂದು ಕುರ್ಚಿ

ಭದ್ರಾವತಿ, ಶನಿವಾರ. ಕಾಲೇಜು ದಿನಗಳಿಂದ ನಾನು ಮೆಚ್ಚಿಕೊಂಡು ಬಂದಿರುವ ರಾಕ್ ತಂಡದ, ನಾನು ನೋಡುತ್ತಿರುವ ಏಳನೇ ಕಾರ್ಯಕ್ರಮವಿದು. ನಡುವೆ ಮಳೆ ಬಂದದ್ದು ಇದೇ ಮೊದಲು. ಶಿವಮೊಗ್ಗದಿಂದ ಜೊತೆಗೆ ಬಂದ ಗೆಳತಿ ಸುಮಾ ಪ್ಲಾಸ್ಟಿಕ್ ಕುರ್ಚಿಯನ್ನೇ ಕೊಡೆಯಂತೆ ತಲೆಯ ಮೇಲೆ ಹಿಡಿದಳು. ನಾನೂ ಹಿಡಿದೆ. ನೋಡನೋಡುತ್ತ ಮೈದಾನವೆಲ್ಲ ಕುರ್ಚಿ ಹೊತ್ತು ನಿಂತಿತು. ವೇದಿಕೆಯಲ್ಲಿ ತಂಡದವರು ಸ್ಪೀಕರ್‌ಗಳಿಗೆ ಟಾರ್ಪಾಲು ಹೊದಿಸಿ ಆಕಾಶ ನೋಡುತ್ತಿದ್ದರು.

ಅಷ್ಟರಲ್ಲಿ ಕುರ್ಚಿ ಬಾಡಿಗೆಗೆ ಕೊಟ್ಟಿದ್ದ ಶಾಮಿಯಾನದಂಗಡಿಯ ಮಾಲೀಕರು ಬಂದರು. “ಕುರ್ಚಿ ಕೊಡ್ರಪ್ಪಾ, ಈ ಮಳೆ ನಿಲ್ಲಲ್ಲ. ಲಾರಿಗೆ ತುಂಬ್ಕೊಂಡು ಹೋಗ್ತೀನಿ.”

“ಕೊಟ್ರೆ ಜನ ಮನೆಗೆ ಓಡ್ತಾರೆ ಮಾರಾಯ್ರೇ. ಆಮೇಲೆ ಇವ್ರು ಯಾರಿಗೆ ಹಾಡ್ತಾರೆ?” ಎಂದಳು ಸುಮಾ. “ಮುಗಿದ್ಮೇಲೆ ನಾವೇ ಲಾರಿಗೆ ಹತ್ತಿಸ್ತೀವಿ.”

“ಎಲ್ರೂ ಹಿಂಗೇ ಹೇಳೋದು. ಆಮೇಲೆ ಒಬ್ರೂ ಕಾಣಲ್ಲ!”

ಅವರು ಗೊಣಗುತ್ತಿರುವಾಗಲೇ ಮಳೆ ಜೋರಾಯಿತು. ಸುಮಾ ಪಕ್ಕದ ಖಾಲಿ ಕುರ್ಚಿಯನ್ನು ಅವರತ್ತ ಚಾಚಿದಳು. “ಮೊದ್ಲು ನೀವು ನೆನೀಬೇಡಿ.” ಅವರು ಆಚೀಚೆ ನೋಡಿ ಅದನ್ನು ತಲೆಯ ಮೇಲೆ ಹಿಡಿದರು.

ಮಳೆ ಕಡಿಮೆಯಾದಾಗ ಡ್ರಮ್ ಶುರುವಾಯಿತು. ಎರಡನೇ ಹಾಡಿಗೆ ಮಾಲೀಕರ ತಲೆಯ ಮೇಲಿನ ಕುರ್ಚಿಯೂ ತಾಳಕ್ಕೆ ಕುಣಿಯುತ್ತಿತ್ತು.

ಮುಗಿದ ಮೇಲೆ ಲಾರಿಯ ಹಿಂದೆ ಕುರ್ಚಿ ಹೊತ್ತವರ ಸಾಲು ನಿಂತಿತು. ನನ್ನದನ್ನು ನಾನೇ ಮೇಲೇರಿಸಿದೆ. ಮಳೆ ಶುರುವಾದ ಮೇಲೆ ಅದರ ಮೇಲೆ ಒಮ್ಮೆಯೂ ಕುಳಿತಿರಲಿಲ್ಲ.